ಹಾರ್ಡನರ್ ಕಣ್ಣಿಗೆ ಎಷ್ಟು ಅಪಾಯ? ಪಿಎಚ್ ಪಟ್ಟಿ ನೋಡಿದ್ರೆ ಸಾಕಾ?

ಕೋಡಿಬಾಗ್_ದೋಣಿ
ನಮಸ್ಕಾರ, ಕಾರವಾರದವನು. ಮನೆಯ ಹಳೆ ಫೈಬರ್ ದೋಣಿ ತಳದಲ್ಲಿ ಮೊಳದುದ್ದ ಬಿರುಕು ಬಿಟ್ಟಿದೆ. ಮಳೆ ಹಿಡಿಯೋದರೊಳಗೆ ಮ್ಯಾಟ್ ಹಾಕಿ ರೆಸಿನ್ ಹಚ್ಚಿ ಮುಗಿಸಬೇಕು. ರೆಸಿನ್ ಡಬ್ಬಿ ಮುಚ್ಚಳ ತೆಗೆದರೆ ಸಾಕು, ಕಣ್ಣು ಉರಿದು ನೀರು ಸುರಿಯುತ್ತೆ. ರೆಸಿನ್ ಗಟ್ಟಿಯಾಗೋಕೆ ಹಾಕೋ ಹಾರ್ಡನರ್, ಅಂದ್ರೆ ಎಂಇಕೆಪಿ ಅನ್ನೋ ರಾಸಾಯನಿಕ ಇರೋ ದ್ರವಕ್ಕೆ ಅಂಥ ಘಾಟಿಲ್ಲ, ನೋಡೋಕೆ ನೀರೇ. ಅಂಗಡಿಯವ ಕ್ಯಾನಿನಿಂದ ಖಾಲಿ ನೀರಿನ ಬಾಟಲಿಗೆ ಸುರಿದು ಕೊಟ್ಟ. ಲೇಬಲ್ ಇಲ್ಲ. "ಬರೀ ಎರಡು ಪರ್ಸೆಂಟ್ ಹಾಕೋದು, ಏನೂ ಆಗಲ್ಲ" ಅಂದ.

ನಿನ್ನೆ ಸಿರಿಂಜಲ್ಲಿ ಎಳೆದು ಕಪ್ಪಿಗೆ ಬಿಡುವಾಗ ಸೂಜಿ ಕಟ್ಟಿಕೊಂಡಿತು. ಸ್ವಲ್ಪ ಜೋರಾಗಿ ಒತ್ತಿದೆ, ಸೂಜಿ ಕಳಚಿ ಹಾರಿ ಒಂದು ಹನಿ ಕನ್ನಡಕದ ಕೆಳಗೆ ಕೆನ್ನೆಗೆ ಬಿತ್ತು. ಕಣ್ಣಿಗೂ ಅದಕ್ಕೂ ಒಂದು ಬೆರಳು ಅಂತರ. ತಕ್ಷಣ ತೊಳೆದೆ, ಚರ್ಮ ಕೆಂಪಾಗಿದೆ ಅಷ್ಟೆ. ರಾತ್ರಿ ಹೆದರಿಕೆ ಶುರುವಾಯ್ತು. ಹುಳಿ, ಕ್ಷಾರ ಎಷ್ಟಿದೆ ಅಂತ ಅಳೆಯೋ ಮಗಳ ಅಕ್ವೇರಿಯಂ ಪಿಎಚ್ ಪಟ್ಟಿ ಅದ್ದಿ ನೋಡಿದೆ, ಐದರ ಹತ್ತಿರ ತೋರಿಸ್ತು. ಹಾಗಾದ್ರೆ ರೆಸಿನ್ನೇ ಕೆಟ್ಟದ್ದು, ಹಾರ್ಡನರ್ ಸಾಧು ಅಂತ ತಿಳ್ಕೋಬಹುದಾ?

ಕುಮಟಾ_ಲ್ಯಾಬ್
ತಮ್ಮಾ, ಪೂರ್ತಿ ಉಲ್ಟಾ. ಆ ಬಾಟಲಿಯನ್ನ ಮೊದಲು ಮಕ್ಕಳ ಕೈಗೆ ಸಿಗದ ಕಡೆ ಇಡು, ಆಮೇಲೆ ಮುಂದೆ ಓದು.

ಉರಿ ಬೇರೆ, ಹಾನಿ ಬೇರೆ. ರೆಸಿನ್‌ನಲ್ಲಿರೋ ಸ್ಟೈರೀನ್ ಗಾಳಿಯಲ್ಲಿ ಆವಿಯಾಗಿ ಬಂದು ಕಣ್ಣಿನ ನರದ ತುದಿ ಕೆರಳಿಸುತ್ತೆ, ಕಣ್ಣೀರು ಬರುತ್ತೆ, ನೀನು ದೂರ ಸರಿಯುತ್ತೀಯ. ಹಾರ್ಡನರ್ ಆವಿಯಾಗಿ ಬಂದು ಹಾಗೆ ಎಚ್ಚರಿಸಲ್ಲ. ಬಂದರೆ ಹನಿಯಾಗೇ ಬರುತ್ತೆ. ಲೇಬಲ್ ಮೇಲಿನ ದರ್ಜೆ ನಿರ್ಧಾರ ಆಗೋದು ಆ ಹನಿಯನ್ನ ಲೆಕ್ಕಕ್ಕೆ ಇಟ್ಟುಕೊಂಡು, ವಾಸನೆಯನ್ನಲ್ಲ.

ಈ ಅಳತೆ ಹುಟ್ಟಿದ್ದು 1944ರಲ್ಲಿ, ಅಮೆರಿಕದ ಜಾನ್ ಡ್ರೇಜ್ ಅನ್ನೋರ ಪರೀಕ್ಷೆಯಿಂದ. ಮೊಲದ ಕಣ್ಣಿಗೆ 0.1 ಮಿ.ಲೀ. ಬಿಟ್ಟು ಅಂಕ ಕೊಡೋದು. ಒಟ್ಟು 110. ಅದರಲ್ಲಿ ಕಣ್ಣು ಕೆಂಪಾಗಿ ಊದಿಕೊಂಡು ಸೋರೋದಕ್ಕೆಲ್ಲ ಸೇರಿ 20, ಪಾಪೆಯ ಸುತ್ತಲಿನ ಬಣ್ಣದ ಭಾಗಕ್ಕೆ 10, ಉಳಿದ 80 ಅಂಕ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಮಸುಕಾಗೋದಕ್ಕೆ. ನಿನ್ನ ಕಣ್ಣು ರೆಸಿನ್ ಎದುರು ಕೆಂಡದಂತೆ ಕೆಂಪಾದರೂ ಈ ಲೆಕ್ಕದಲ್ಲಿ ಅದು ಸಣ್ಣ ಪಾಲು.

ರಾಸಾಯನಿಕಗಳ ಅಪಾಯವನ್ನ ಲೇಬಲ್ ಮೇಲೆ ದರ್ಜೆ, ಎಚ್ ಸಂಖ್ಯೆಗಳಲ್ಲಿ ಹೇಳೋ ಈಗಿನ ಅಂತರರಾಷ್ಟ್ರೀಯ ಜಿಎಚ್‌ಎಸ್ ಪದ್ಧತಿ ಮುಖ್ಯವಾಗಿ ಕೇಳೋದು, ಮೊದಲಿನ ಹಾಗೆ ಆಯ್ತಾ ಅಂತ. 21 ದಿನದೊಳಗೆ ಪೂರ್ತಿ ವಾಸಿಯಾದರೆ ದರ್ಜೆ 2, ಎಚ್ 319. ಆಗದಿದ್ದರೆ ದರ್ಜೆ 1, ಎಚ್ 318, ಅಂದ್ರೆ ಕಣ್ಣಿಗೆ ಗಂಭೀರ ಹಾನಿ. ಸ್ಟೈರೀನ್ 319. ಎಂಇಕೆಪಿ 318.

ಶಿರಸಿ_ತೋಟ
ಪಿಎಚ್ ವಿಷಯಕ್ಕೆ ಅಡಿಕೆಗೆ ಹೊಡೆಯೋ ನಮ್ಮ ಕೊಳೆ ರೋಗದ ಔಷಧಿಯದ್ದೇ ಉದಾಹರಣೆ ಇದೆ ಮಾರಾಯ್ರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣದ ನೀರಿಗೆ ಪಟ್ಟಿ ಅದ್ದಿದರೆ 12ರ ಮೇಲೆ. ಮೈಲುತುತ್ತದ ನೀರು ನಾಲ್ಕರ ಸುಮಾರು, ಹುಳಿ ಮಜ್ಜಿಗೆಗಿಂತ ಹೆಚ್ಚೇನಲ್ಲ. ಯೂರೋಪಿನ ಪಟ್ಟಿಯಲ್ಲಿ ಮೈಲುತುತ್ತಕ್ಕೂ 318 ಇದೆ. ಔಷಧಿ ಕಲಸುವಾಗ ಡ್ರಮ್ಮಿಗೆ ಮುಖ ಕೊಟ್ಟು ನೋಡೋದನ್ನ ನಮ್ಮ ಆಳುಗಳಿಗೆ ಬಿಡಿಸೋಕೆ ನಾನು ಮೂರು ಮಳೆಗಾಲ ಒದ್ದಾಡಿದ್ದೇನೆ. ಅವರಿಗೆ ಸುಣ್ಣ ಅಂದ್ರೆ ಭಯ, ನೀಲಿ ನೀರು ಅಂದ್ರೆ ಸದರ.

ಕುಮಟಾ_ಲ್ಯಾಬ್
ಸರಿಯಾಗಿ ಹೇಳಿದಿರಿ. ಪಿಎಚ್ 2 ಅಥವಾ ಅದಕ್ಕಿಂತ ಕಮ್ಮಿ, ಇಲ್ಲಾ 11.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಬೇರೆ ಪರೀಕ್ಷೆ ಇಲ್ಲದೇ ದರ್ಜೆ 1ಕ್ಕೆ ಹಾಕ್ತಾರೆ. ನಡುವೆ ಬಂದರೆ ಸುರಕ್ಷಿತ ಅಂತ ಅರ್ಥ ಅಲ್ಲ. ಪಿಎಚ್ ಅಪರಾಧಿಯನ್ನ ಹಿಡಿಯುತ್ತೆ, ನಿರಪರಾಧಿ ಅಂತ ಸರ್ಟಿಫಿಕೇಟ್ ಕೊಡಲ್ಲ. ಅದಕ್ಕಿಂತ ಮುಖ್ಯ, ಹಾರ್ಡನರ್ ನೀರಿನ ದ್ರಾವಣವೇ ಅಲ್ಲ, ಅದರಲ್ಲಿ ಅದ್ದಿದ ಪಟ್ಟಿಗೆ ಬೆಲೆಯೇ ಇಲ್ಲ. ಅದು ಪೆರಾಕ್ಸೈಡ್, ಆಕ್ಸಿಡೀಕರಣದಿಂದ ಸುಡುತ್ತೆ.

ಕೋಡಿಬಾಗ್_ದೋಣಿ
ಸರ್, ಹಾಗಾದ್ರೆ ಎರಡು ಪರ್ಸೆಂಟ್ ಕಥೆ? ಕಲಸಿದ ರೆಸಿನ್ ಕೂಡ 318 ಆಯ್ತಾ? ಮತ್ತೆ ಈಗಲೂ ಮೊಲದ ಕಣ್ಣಿಗೇ ಬಿಟ್ಟು ನೋಡ್ತಾರಾ?

ಕುಮಟಾ_ಲ್ಯಾಬ್
ಅಂಗಡಿಯವನ ಮಾತು ಅರ್ಧ ಸತ್ಯ. ಲೆಕ್ಕ ಮಾಡು. ಹಾರ್ಡನರ್‌ನಲ್ಲಿ ಎಂಇಕೆಪಿ 40% ಅಂತಿಟ್ಟುಕೊ. ರೆಸಿನ್‌ಗೆ 2% ಹಾಕಿದರೆ ಒಟ್ಟಿನಲ್ಲಿ 0.8%. ಮಿಶ್ರಣದಲ್ಲಿ ದರ್ಜೆ 1ರ ವಸ್ತು 3% ಮುಟ್ಟಿದರೆ ಮಿಶ್ರಣವೂ ದರ್ಜೆ 1. ಅಷ್ಟಿಲ್ಲದಿದ್ದರೆ ಅದನ್ನ ಹತ್ತರಿಂದ ಗುಣಿಸಿ ದರ್ಜೆ 2ರ ವಸ್ತುವಿನ ಜೊತೆ ಕೂಡಿಸಬೇಕು, ಮೊತ್ತ 10 ಮುಟ್ಟಿದರೆ ದರ್ಜೆ 2. ಇಲ್ಲಿ 8, ಅದಕ್ಕೆ ಸ್ಟೈರೀನ್ ಸುಮಾರು 35. ಹಾಗಾಗಿ ಕಪ್ಪಿನಲ್ಲಿ ಕಲಸಿದ ರೆಸಿನ್ ದರ್ಜೆ 2. ಆದರೆ ನಿನ್ನ ಕೆನ್ನೆಗೆ ಹಾರಿದ್ದು ಕಪ್ಪಿನದ್ದಲ್ಲ, ಸಿರಿಂಜಿನದ್ದು. ಅದು ನೇರ 40%.

ಮೊಲ ಈಗ ಕೊನೆಯ ದಾರಿ. ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಕಾರ್ನಿಯಾ ಬಿಡಿಸಿ, ಅದರ ಮೇಲೆ ರಾಸಾಯನಿಕ ಬಿಟ್ಟು, ಎಷ್ಟು ಮಸುಕಾಯ್ತು, ಬಣ್ಣದ ದ್ರಾವಣ ಎಷ್ಟು ಆಚೆ ದಾಟಿತು ಅಂತ ಅಳೀತಾರೆ. ಒಇಸಿಡಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ 437ನೇ ವಿಧಾನ. ಅಂಕ 55 ದಾಟಿದರೆ ದರ್ಜೆ 1, 3 ಅಥವಾ ಒಳಗಿದ್ದರೆ ಯಾವ ದರ್ಜೆಯೂ ಬೇಡ. ನಡುವಿನದ್ದನ್ನ ಅದೊಂದರಿಂದಲೇ ತೀರ್ಮಾನಿಸೋಕಾಗಲ್ಲ. ಮನುಷ್ಯರ ಜೀವಕೋಶದಿಂದ ಬೆಳೆಸಿದ ಕಾರ್ನಿಯಾದಂಥ ಪದರ ಬಳಸೋ ವಿಧಾನವೂ ಇದೆ. ಇದ್ಯಾವುದೂ ಮನೆಯಲ್ಲಿ ಮಾಡೋದಲ್ಲ. ಅಂಗಡಿಯವನ ಹತ್ರ ಎಸ್‌ಡಿಎಸ್, ಅಂದ್ರೆ ಕಂಪನಿಯ ಸುರಕ್ಷತಾ ಮಾಹಿತಿ ಹಾಳೆ ಕೇಳು, ಅಪಾಯ ಬರೆದಿರೋ ಎರಡನೇ ಭಾಗ ನೋಡು, ಮುಗೀತು.

ಬೈತಖೋಲ್_ಫೈಬರ್
ನಾನು ಓದಿದವನಲ್ಲ, ಫೈಬರ್ ಕೆಲಸ ಮಾಡಿ ಇಪ್ಪತ್ತು ವರ್ಷ. ಸೂಜಿ ತೆಗೆದು ಬಿಸಾಕಣ್ಣ. ಸೂಜಿಯಿಲ್ಲದ ಪ್ಲಾಸ್ಟಿಕ್ ಸಿರಿಂಜೇ ಸಾಕು, ಒಂದು ಕೆಜಿ ರೆಸಿನ್‌ಗೆ ಹತ್ತರಿಂದ ಇಪ್ಪತ್ತು ಎಂಎಲ್. ಅಳೆಯುವಾಗ ಕಪ್ಪು ಎದೆಗಿಂತ ಕೆಳಗಿರಲಿ. ಕನ್ನಡಕ ಲೆಕ್ಕಕ್ಕಿಲ್ಲ, ಸುತ್ತ ಮುಚ್ಚೋ ಗಾಗಲ್ ಬೇಕು. ಮತ್ತೆ ರೆಸಿನ್ ಬೇಗ ಗಟ್ಟಿಯಾಗೋಕೆ ಹಾಕೋ ಕೋಬಾಲ್ಟ್ ಆಕ್ಸಲರೇಟರನ್ನೂ ಹಾರ್ಡನರನ್ನೂ ನೇರ ಕೂಡಿಸಬೇಡ, ಬೆಂಕಿ ಹತ್ತುತ್ತೆ. ಕೋಬಾಲ್ಟ್ ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್.

ಕುಮಟಾ_ಲ್ಯಾಬ್
ಇವರ ಮಾತಿಗೆ ಒಂದು ಸೇರಿಸ್ತೇನೆ. ಎಂಇಕೆಪಿ ಬಗ್ಗೆ ಹಳೆಯ ಮೊಲದ ಪರೀಕ್ಷೆಯಲ್ಲಿ 4 ಸೆಕೆಂಡಿನೊಳಗೆ ತೊಳೆದ ಕಣ್ಣುಗಳಿಗೆ ಹಾನಿ ಆಗಲಿಲ್ಲ. ನಾಲ್ಕು ಸೆಕೆಂಡಿನಲ್ಲಿ ನೀನು ಬಾವಿ ಕಟ್ಟೆಗೆ ಹೋಗಿ ಮುಟ್ಟೋದಿಲ್ಲ. ನೀರು ಕೈಗೆ ಸಿಗೋ ಹಾಗಿರಲಿ. ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕಮ್ಮಿ ಅಂದ್ರೆ 15 ನಿಮಿಷ ತೊಳೆ. ಉರಿ ನಿಂತಿತು ಅಂತ ಮನೆಗೆ ಹೋಗಬೇಡ, ಕಣ್ಣಿನ ಡಾಕ್ಟರ ಹತ್ರ ಹೋಗು.

ಕೋಡಿಬಾಗ್_ದೋಣಿ
ಅಪ್ಡೇಟ್. ಎಸ್‌ಡಿಎಸ್ ಸಿಕ್ತು, ಎರಡು ಸಲ ಕೇಳಿದ ಮೇಲೆ. 318 ಅಂತಲೇ ಇದೆ. ನೀರಿನ ಬಾಟಲಿ ವಾಪಸ್ ಕೊಟ್ಟು ಕಂಪನಿಯ ಬಿಳಿ ಬಾಟಲಿ ತಂದೆ. ಅದರ ಮುಚ್ಚಳದಲ್ಲಿ ಗಾಳಿ ಹೋಗೋಕೆ ಸಣ್ಣ ತೂತು ಇರುತ್ತೆ, ಬಿಗಿ ಬಾಟಲಿಯಲ್ಲಿ ಒತ್ತಡ ಏರುತ್ತೆ ಅಂತ ಅಂಗಡಿ ಹುಡುಗನೇ ಹೇಳಿದ. ಕೊಡುವಾಗ ಯಾಕೆ ಹೇಳಲಿಲ್ಲವೋ ದೇವರೇ ಬಲ್ಲ. ದೋಣಿ ಅಂಚಿಗೆ ಎರಡು ಕೊಡ ನೀರು, ಒಂದು ತಂಬಿಗೆ ಇಟ್ಟುಕೊಂಡೇ ಕೆಲಸ ಮಾಡಿದೆ. ಗಾಗಲ್ ಮಾತ್ರ ಸೆಖೆಗೆ ಹತ್ತು ನಿಮಿಷಕ್ಕೊಮ್ಮೆ ಮಂಜು ಹಿಡಿಯುತ್ತೆ.

ಬೈತಖೋಲ್_ಫೈಬರ್
ಬೆಳಿಗ್ಗೆ ಎಂಟರೊಳಗೆ ಕೆಲಸ ಮುಗಿಸು. ಒರೆಸಬೇಕು ಅಂದ್ರೆ ಕಪ್ಪು ಕೆಳಗಿಟ್ಟು, ಗ್ಲೌಸ್ ತೆಗೆದು, ಹತ್ತು ಹೆಜ್ಜೆ ಆಚೆ ಹೋಗಿ ಒರೆಸು.