ನಿರುದ್ಯೋಗ ಶೇ 2.7 ಅಂತೆ, ಹಾಗಾದರೆ ನಮ್ಮ ಊರು ಯಾಕೆ ಗುಳೆ ಹೋಗುತ್ತದೆ?

ಮಸ್ಕಿ_ಹುಡುಗ (ಮಸ್ಕಿ ತಾಲ್ಲೂಕು, ರಾಯಚೂರು, ಅಕ್ಟೋಬರ್ 2025)

ಎಲ್ಲರಿಗೂ ನಮಸ್ಕಾರ. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಅಂಕಿ ಮಾತ್ರ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ (ಪಿಎಲ್‌ಎಫ್‌ಎಸ್) ಪ್ರಕಾರ 2023-24ರಲ್ಲಿ ಕರ್ನಾಟಕದ ನಿರುದ್ಯೋಗ ಶೇ 2.7. ಇಡೀ ದೇಶದ್ದು 3.2. ಅಂದರೆ ನೂರು ಜನ ಕೆಲಸಕ್ಕೆ ಸಿದ್ಧ ಇದ್ದರೆ 97 ಜನರಿಗೆ ಕೆಲಸ ಇದೆ ಅಂತ ಅರ್ಥ, ಅಲ್ವಾ?

ನಮ್ಮ ಊರಿನ ಕಥೆ ಬೇರೆ. ನಮ್ಮದು ಮಳೆ ನಂಬಿದ ಕಪ್ಪು ನೆಲ. ತೊಗರಿ, ಹತ್ತಿ, ಕಡಲೆ, ಬಿಳಿಜೋಳ. ಸಂಕ್ರಾಂತಿ ದಾಟಿ ಹತ್ತಿ ಬಿಡಿಸುವುದು ಮುಗಿದರೆ ಓಣಿಗೆ ಓಣಿ ಬೀಗ. ಪಾತ್ರೆ, ಹಾಸಿಗೆ, ಜೋಳದ ಹಿಟ್ಟು ಎಲ್ಲ ಗಂಟು ಕಟ್ಟಿಕೊಂಡು ಬೆಂಗಳೂರು ಬಸ್ ಹತ್ತುತ್ತಾರೆ. ಊರಲ್ಲಿ ಉಳಿಯುವುದು ಮುದುಕರು, ಶಾಲೆ ಮಕ್ಕಳು. ಜಾತ್ರೆಗೆ ಬಂದು ಮತ್ತೆ ಹೋಗುತ್ತಾರೆ. ಕಾರಹುಣ್ಣಿಮೆ ಹೊತ್ತಿಗೆ ಮಳೆ ಬಂದರೆ ವಾಪಸ್ ಬರುತ್ತಾರೆ.

ಬಡತನದ ಲೆಕ್ಕವೂ ಹಾಗೇ ಇದೆ. ನೀತಿ ಆಯೋಗದ ವರದಿಯಲ್ಲಿ ರಾಜ್ಯದ ಬಡತನ ಶೇ 12.77ರಿಂದ ಶೇ 7.58ಕ್ಕೆ ಇಳಿದಿದೆ. ಇಳಿದಿದ್ದರೆ ನನಗೂ ಖುಷಿ. ಆದರೆ ನಮ್ಮ ಓಣಿಯಲ್ಲಿ ಬಿಪಿಎಲ್ ಕಾರ್ಡ್ ಇಲ್ಲದ ಮನೆ ಹುಡುಕಿದರೂ ಸಿಗುವುದಿಲ್ಲ. ಈ ಮೂರು ಲೆಕ್ಕ ಒಂದಕ್ಕೊಂದು ಯಾಕೆ ಕೂಡುವುದಿಲ್ಲ? ಗೊತ್ತಿದ್ದವರು ಬಿಡಿಸಿ ಹೇಳಿ. ಗ್ಯಾರಂಟಿ ಬೇಕೋ ಬೇಡವೋ ಎನ್ನುವ ಪಕ್ಷದ ಜಗಳ ದಯವಿಟ್ಟು ಇಲ್ಲಿ ಬೇಡ.

ಎರೆಹೊಲ (ಕೊಪ್ಪಳ)

ತಮ್ಮಾ, ಒಳ್ಳೆಯ ಪ್ರಶ್ನೆ. ನಾನು ಕೆಲವು ವರ್ಷ ಮನೆ ಮನೆ ಸಮೀಕ್ಷೆ ಕೆಲಸ ಮಾಡಿದವನು. ಕುಷ್ಟಗಿ, ಯಲಬುರ್ಗಾ ಕಡೆ ಬಹಳ ತಿರುಗಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಆ 2.7. ಅದರಲ್ಲಿ ಕೇಳುವುದು ಕಳೆದ ಒಂದು ವರ್ಷದ ಕೆಲಸ. ವರ್ಷದ ಹೆಚ್ಚಿನ ದಿನ ಏನು ಮಾಡಿದಿರಿ ಎಂದು ನೋಡುತ್ತಾರೆ. ಅದರಲ್ಲಿ ಕೆಲಸ ಕಾಣದಿದ್ದರೂ, ವರ್ಷದಲ್ಲಿ 30 ದಿನ ಏನಾದರೂ ಕೆಲಸ ಮಾಡಿದ್ದರೆ ಸಾಕು, ಉದ್ಯೋಗ ಇದ್ದವರ ಪಟ್ಟಿಗೆ ಸೇರುತ್ತಾರೆ. ಇನ್ನೊಂದು ಲೆಕ್ಕ ವಾರದ್ದು. ಅದರಲ್ಲಿ ಕಳೆದ ಏಳು ದಿನದೊಳಗೆ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಕೆಲಸ ಇದೆ ಎಂದೇ ಬರೆದುಕೊಳ್ಳುತ್ತಾರೆ. ಸ್ವಂತ ಹೊಲದಲ್ಲಿ ಗಂಡನ ಜೊತೆ ಕಸ ತೆಗೆಯುವ ಹೆಂಡತಿಗೆ ಕೈಗೆ ಒಂದು ರೂಪಾಯಿ ಬರದಿದ್ದರೂ ಆಕೆಯೂ ಸ್ವಯಂ ಉದ್ಯೋಗಿ. ಇದು ಮೋಸ ಅಲ್ಲ, ಈ ವಿಧಾನವನ್ನು ಪುಸ್ತಕದಲ್ಲೇ ಬರೆದಿದ್ದಾರೆ. ಆದರೆ ಪತ್ರಿಕೆಯಲ್ಲಿ ಬರುವುದು ಬರೀ ಅಂಕಿ, ವಿಧಾನ ಬರುವುದಿಲ್ಲ.

ಈಗ ನಿಮ್ಮ ಊರಿನವರನ್ನೇ ನೋಡಿ. ನಾಲ್ಕು ತಿಂಗಳು ಹತ್ತಿ ಹೊಲ, ನಾಲ್ಕು ತಿಂಗಳು ಬೆಂಗಳೂರಿನ ಸೆಂಟ್ರಿಂಗ್ ಕೆಲಸ, ಉಳಿದ ದಿನ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರು ನಿರುದ್ಯೋಗಿ ಅಲ್ಲವೇ ಅಲ್ಲ. ಗುಳೆ ಹೋಗುವವರು ಕೆಲಸ ಇದ್ದವರ ಸಾಲಿನಲ್ಲೇ ಇದ್ದಾರೆ. ನಿರುದ್ಯೋಗಿ ಎಂದು ಬರೆಸಿಕೊಳ್ಳುವವರು ಹೆಚ್ಚಾಗಿ ನಿಮ್ಮಂತೆ ಓದಿದ ಹುಡುಗರು, ಮನೆಯವರು ಇನ್ನೂ ಸ್ವಲ್ಪ ದಿನ ಸಾಕುತ್ತಾರೆ ಎನ್ನುವ ಧೈರ್ಯ ಇರುವವರು. ಸಂಜೆ ಒಲೆ ಹೊತ್ತಬೇಕಾದ ಮನೆಯವರು ಒಳ್ಳೆಯ ಕೆಲಸ ಬರಲಿ ಎಂದು ಕಾಯುವುದಿಲ್ಲ. ಎಷ್ಟು ಕೊಟ್ಟರೆ ಅಷ್ಟಕ್ಕೆ ಹೋಗುತ್ತಾರೆ.

ಇನ್ನು 7.58. ಅದು ಬಹು ಆಯಾಮದ ಬಡತನ. 12 ವಿಷಯ ನೋಡುತ್ತಾರೆ. ಪೋಷಣೆ, ಮಕ್ಕಳ ಸಾವು, ತಾಯಿಯ ಆರೋಗ್ಯ, ಎಷ್ಟು ವರ್ಷ ಓದಿದ್ದಾರೆ, ಮಕ್ಕಳು ಶಾಲೆಗೆ ಹೋಗುತ್ತಾರಾ, ಅಡುಗೆಗೆ ಏನು ಉರಿಸುತ್ತಾರೆ, ಶೌಚಾಲಯ, ಕುಡಿಯುವ ನೀರು, ಕರೆಂಟ್, ಮನೆ, ಮನೆಯ ಸಾಮಾನು, ಬ್ಯಾಂಕ್ ಖಾತೆ. ಇವೆಲ್ಲ ಬೇಕೇ ಬೇಕು. 2015-16ಕ್ಕೂ 2019-21ಕ್ಕೂ ನಡುವೆ ಇವು ನಿಜವಾಗಿಯೂ ಸುಧಾರಿಸಿವೆ, ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಆ ಹನ್ನೆರಡರಲ್ಲಿ ಆದಾಯ ಇಲ್ಲ. ಕೆಲಸ ಇಲ್ಲ. ಸಾಲವೂ ಇಲ್ಲ. ಗ್ಯಾಸ್, ಶೌಚಾಲಯ, ಖಾತೆ ಎಲ್ಲ ಇದ್ದು ಮನೆಗೆ ಬೀಗ ಹಾಕಿ ಯಲಹಂಕದ ಶೆಡ್ಡಿನಲ್ಲಿ ಮಲಗುವವರು ಈ ಲೆಕ್ಕದಲ್ಲಿ ಬಡವರಲ್ಲದೇ ಇರಬಹುದು.

ಹಣದ ಮೇಲೆ ಎಳೆದ ಬಡತನ ರೇಖೆ ಕೊನೆಗೆ ಬಂದದ್ದು 2011-12ರದ್ದು, ತೆಂಡೂಲ್ಕರ್ ಸಮಿತಿಯ ಲೆಕ್ಕ. ಕರ್ನಾಟಕದ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 902 ರೂಪಾಯಿ. ಆಗ ರಾಜ್ಯದ ಶೇ 20.91 ಜನ ಅದರ ಕೆಳಗಿದ್ದರು. ಅದಾದ ಮೇಲೆ ಸರ್ಕಾರ ಹೊಸ ರೇಖೆ ಎಳೆದೇ ಇಲ್ಲ. 2022-23ರ ಖರ್ಚಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹಳ್ಳಿಯವರ ಸರಾಸರಿ ಖರ್ಚು ತಲೆಗೆ ತಿಂಗಳಿಗೆ 4,397, ಪಟ್ಟಣದಲ್ಲಿ 7,666 ಎಂದು ಬಂದಿದೆ. ಅದು ಇಡೀ ರಾಜ್ಯದ ಸರಾಸರಿ. ಮಂಡ್ಯದ ಕಾಲುವೆ ಊರು, ಮಂಗಳೂರು ಕಡೆಯ ಹಳ್ಳಿ, ನಿಮ್ಮ ಮಸ್ಕಿ ಎಲ್ಲ ಸೇರಿ ಕುದಿಸಿದ ಒಂದೇ ಸಾರು.

ಬಿಪಿಎಲ್ ಕಾರ್ಡಿನ ನಿಯಮವೇ ಬೇರೆ. ವರ್ಷಕ್ಕೆ 1.2 ಲಕ್ಷ ಆದಾಯದ ಮಿತಿ, ಮೂರು ಹೆಕ್ಟೇರ್ ಒಣಭೂಮಿ, ಸ್ವಂತ ಕಾರು ಇದೆಯಾ ಇಲ್ಲವಾ. ಐದು ಜನರ ಮನೆಯಲ್ಲಿ ತಿಂಗಳಿಗೆ 10 ಸಾವಿರ ಬಂದರೆ ತಲೆಗೆ 2 ಸಾವಿರ. ಅದಕ್ಕೇ ನಿಮ್ಮ ಓಣಿಯ ಎಲ್ಲ ಮನೆಗೂ ಕಾರ್ಡ್ ಇದೆ. ನನ್ನನ್ನು ಕೇಳಿದರೆ ಮೂರರಲ್ಲಿ ನಿಮ್ಮ ಊರಿಗೆ ಹತ್ತಿರ ಇರುವುದು ಇದೇ.

ದೇವದುರ್ಗದ_ಅಕ್ಕ (ದೇವದುರ್ಗ, ರಾಯಚೂರು)

ಎರೆಹೊಲ ಅಣ್ಣ ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ನಾನು ನಮ್ಮೂರಲ್ಲಿ ಉದ್ಯೋಗ ಖಾತ್ರಿಯ ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪು ನೋಡಿಕೊಂಡು ಹಾಜರಿ ಹಾಕುವವಳು. ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ನೋಡಿದ 2002ರ ನಂಜುಂಡಪ್ಪ ವರದಿಯಲ್ಲಿ 39 ಅತ್ಯಂತ ಹಿಂದುಳಿದ ತಾಲ್ಲೂಕು ಅಂತ ಇತ್ತಲ್ಲ, ಅದರಲ್ಲಿ ನಮ್ಮದೂ ಒಂದು. 2006ರಲ್ಲಿ ಖಾತ್ರಿ ಕೆಲಸ ಮೊದಲ ಹಂತದಲ್ಲೇ ಬಂದ ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಇಷ್ಟು ವರ್ಷ ಆದರೂ ಗುಳೆ ನಿಂತಿಲ್ಲ. ಯಾಕೆ?

ಲೆಕ್ಕ ಹಾಕಿ ನೋಡಿ. 2025-26ರಲ್ಲಿ ಖಾತ್ರಿ ಕೂಲಿ ದಿನಕ್ಕೆ 370. ನೂರು ದಿನ ಪೂರ್ತಿ ಸಿಕ್ಕರೆ 37 ಸಾವಿರ. ಆ ನೂರು ದಿನ ಒಬ್ಬರಿಗಲ್ಲ, ಇಡೀ ಮನೆಗೆ. ಗಂಡ ಹೆಂಡತಿ ಇಬ್ಬರೂ ಬಂದರೆ ಐವತ್ತು ದಿನಕ್ಕೆ ಮುಗಿಯಿತು. ಬೆಂಗಳೂರಲ್ಲಿ ಹೆಣ್ಣಾಳಿಗೆ ಆರೇಳು ನೂರು, ಗಂಡಾಳಿಗೆ ಎಂಟೊಂಬತ್ತು ನೂರು ಸಿಗುತ್ತದೆ ಎಂದು ಹೋದವರು ಹೇಳುತ್ತಾರೆ. ಮೇಲಾಗಿ ಅಲ್ಲಿ ವಾರಕ್ಕೊಮ್ಮೆ ಕೈಗೆ ದುಡ್ಡು. ನಮ್ಮಲ್ಲಿ 15 ದಿನದಲ್ಲಿ ಖಾತೆಗೆ ಬರಬೇಕು, ಬರುವುದು ಎಷ್ಟೋ ಸಲ ತಿಂಗಳುಗಟ್ಟಲೆ ತಡ. 2024ರ ಜನವರಿಯಿಂದ ಆಧಾರ್ ಜೋಡಿಸಿದ ಖಾತೆಗೆ ಮಾತ್ರ ಹಣ. ಹೆಸರಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆದರೆ ಕೂಲಿ ನಿಂತುಹೋಗುತ್ತದೆ. ಹಾಜರಿಗೆ ದಿನಕ್ಕೆ ಎರಡು ಸಲ ಮೊಬೈಲಲ್ಲಿ ಫೋಟೋ ತೆಗೆಯಬೇಕು. ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಇಲ್ಲದೆ ಫೋಟೋ ಹೋಗದಿದ್ದರೆ ಬಿಸಿಲಲ್ಲಿ ಮಣ್ಣು ಹೊತ್ತವರು ನನ್ನ ಮುಖ ನೋಡುತ್ತಾರೆ. ಅವರಿಗೆ ನಾನು ಏನು ಹೇಳಲಿ?

ಯಾರೂ ಬರೆಯದ ಇನ್ನೊಂದು ಮಾತಿದೆ. ಗುಳೆ ಹೋಗುವುದು ಬರೀ ಕೂಲಿ ಜಾಸ್ತಿ ಅಂತ ಅಲ್ಲ. ಮುಂಗಡಕ್ಕೆ. ಮಗಳ ಮದುವೆ, ಆಪರೇಷನ್, ಕೊಳವೆಬಾವಿ ಕೈ ಕೊಟ್ಟ ಸಾಲ, ಇದಕ್ಕೆಲ್ಲ ಮೇಸ್ತ್ರಿ ಒಂದೇ ಸಲ ಮೂವತ್ತು ನಲವತ್ತು ಸಾವಿರ ಕೊಡುತ್ತಾನೆ. ಖಾತ್ರಿ ಕೆಲಸದಲ್ಲಿ ಯಾರು ಮುಂಗಡ ಕೊಡುತ್ತಾರೆ? ತೆಗೆದುಕೊಂಡ ಮೇಲೆ ದುಡಿದು ತೀರಿಸುವವರೆಗೂ ಅವನು ಕರೆದ ಕಡೆ ಹೋಗಬೇಕು.

ಗೃಹಲಕ್ಷ್ಮಿ 2 ಸಾವಿರ 2023ರ ಆಗಸ್ಟ್‌ನಿಂದ ಬರುತ್ತಿದೆ, ನಡುವೆ ಒಂದೆರಡು ತಿಂಗಳು ನಿಂತರೂ ಬರುತ್ತಿದೆ. ನಮ್ಮ ಓಣಿಯಲ್ಲಿ ಅದು ಎಲ್ಲಿ ಹೋಗುತ್ತದೆ ಗೊತ್ತಾ? ಹೆಚ್ಚಿನದು ಮೈಕ್ರೋಫೈನಾನ್ಸ್ ಕಂತಿಗೆ. 2025ರ ಫೆಬ್ರವರಿಯಲ್ಲಿ ಸಾಲ ವಸೂಲಿಯ ಕಿರುಕುಳ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೆ ವಸೂಲಿಯವರು ಮನೆ ಮುಂದೆ ಬಂದು ಕೂರುವುದು ಕಡಿಮೆ ಆಯಿತು, ಸಾಲ ಹಾಗೇ ಇದೆ. ಆದರೂ ಆ ಹಣ ಬೇಡ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲು ಅದೇ ಕಂತಿಗೆ ಹೆಂಗಸರು ಇನ್ನೊಂದು ಕಡೆ ಸಾಲ ಎತ್ತುತ್ತಿದ್ದರು.

ನಾಟಿ_ನೆಲ್ಲು (ಸಿಂಧನೂರು)

ಎಲ್ಲ ಸರಿ, ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ರೈತ. ನಮಗೆ ಆಳುಗಳೇ ಸಿಗುವುದಿಲ್ಲ! ನೆಲ್ಲು ಹಚ್ಚುವಾಗ ಒಂದು ಗುಂಪಿಗಾಗಿ ನಾಲ್ಕು ಜನ ರೈತರು ಕಾಯುತ್ತೇವೆ. ಎಕರೆಗೆ ಇಷ್ಟು ಅಂತ ಗುತ್ತಿಗೆ, ಅವರು ಹೇಳಿದ್ದೇ ರೇಟು. ಕೆಲಸ ಇಲ್ಲ ಎಂದು ಬೆಂಗಳೂರಿಗೆ ಹೋಗುವವರು ಅರವತ್ತು ಕಿಲೋಮೀಟರ್ ದಾಟಿ ನಮ್ಮ ಕಡೆ ಯಾಕೆ ಬರುವುದಿಲ್ಲ? 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮಗೆ ನಿದ್ದೆ ಇರಲಿಲ್ಲ. ನಮ್ಮದೂ ಸುಖದ ಬದುಕಲ್ಲ.

ದೇವದುರ್ಗದ_ಅಕ್ಕ

ಅಣ್ಣಾರೆ, ಬರುತ್ತಾರೆ. ಟಂಟಂ ಆಟೋ ತುಂಬಿಕೊಂಡು ನಮ್ಮೂರ ಹೆಂಗಸರೇ ಬರುತ್ತಾರೆ. ಆದರೆ ನಿಮ್ಮ ಕೆಲಸ ಎಷ್ಟು ದಿನ? ನಾಟಿ ಮೂರು ವಾರ. ಕೊಯ್ಲಿಗೆ ನೀವೆಲ್ಲ ಈಗ ಮಷಿನ್ ಕರೆಸುತ್ತೀರಿ. ಮೊದಲು ಕೊಯ್ಯುವುದು, ಬಡಿಯುವುದು, ತೂರುವುದು ಅಂತ ಇನ್ನೊಂದು ತಿಂಗಳು ಸಿಗುತ್ತಿತ್ತು. ಮಷಿನ್ ತಂದದ್ದು ತಪ್ಪು ಎನ್ನುತ್ತಿಲ್ಲ, ನಿಮ್ಮ ಖರ್ಚು ನಿಮಗೆ. ಎಲ್ಲರಿಗೂ ಒಂದೇ ಸಲ ಆಳು ಬೇಕು, ಆಮೇಲೆ ಯಾರಿಗೂ ಬೇಡ. ಮೂರು ವಾರದ ಕೂಲಿ ನಂಬಿ ವರ್ಷ ಕಳೆಯಲು ಆಗುತ್ತದಾ ಹೇಳಿ.

ನಾಟಿ_ನೆಲ್ಲು

ಅದೂ ನಿಜ ಅಕ್ಕಾ. ಕೊಯ್ಲಿನ ಮಾತು ಒಪ್ಪಿದೆ.

ಕೌಲ್‌ಬಜಾರ್ (ಬಳ್ಳಾರಿ)

ನಮ್ಮ ಬಳ್ಳಾರಿಯ ಹೆಸರು ಕೇಳಿದರೆ ಶ್ರೀಮಂತ ಜಿಲ್ಲೆ ಎನ್ನುತ್ತಾರೆ. ತಲಾ ಆದಾಯದ ಪಟ್ಟಿಯಲ್ಲಿ ರಾಯಚೂರಿಗಿಂತ ಮೇಲೆ ಇರುತ್ತೇವೆ. ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂದರೆ ಜಿಲ್ಲೆಯಲ್ಲಿ ಹುಟ್ಟಿದ ಒಟ್ಟು ಮೌಲ್ಯವನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ. ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು ಎಲ್ಲ ಅದರಲ್ಲಿ ಸೇರುತ್ತದೆ. ಲಾಭ ಯಾವ ಊರಿಗೆ ಹೋಯಿತು ಎಂದು ಆ ಅಂಕಿ ಹೇಳುವುದಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಡ್ರೈವರ್, ಕ್ಲೀನರ್, ಗ್ಯಾರೇಜ್ ಹುಡುಗರು, ರಸ್ತೆ ಬದಿ ಹೋಟೆಲಿನವರು ಎಲ್ಲರೂ ಬೀದಿಗೆ ಬಿದ್ದರು. ಅಕ್ರಮ ನಿಲ್ಲಲೇಬೇಕಿತ್ತು, ನೆಲವನ್ನು ಬಗೆದು ಹಾಕಿದ್ದರು. ಆದರೆ ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡವರು ನನ್ನ ಗೆಳೆಯರಲ್ಲೇ ಇದ್ದಾರೆ.

ನಮ್ಮಲ್ಲಿ ಜೀನ್ಸ್ ಕೆಲಸ ಇದೆ. ಎಲ್ಲ ಪೀಸ್ ಲೆಕ್ಕ. ಹೊಲಿಯುವವರು ಒಂದು ಕಡೆ, ಮನೆಯಲ್ಲಿ ಕೂತು ದಾರ ಕತ್ತರಿಸುವ ಹೆಂಗಸರು ಇನ್ನೊಂದು ಕಡೆ. ಆರ್ಡರ್ ಇದ್ದ ದಿನ ರಾತ್ರಿ ಹನ್ನೊಂದರವರೆಗೂ ಮೆಷಿನ್ ಓಡುತ್ತದೆ, ಇಲ್ಲದ ವಾರ ಏನೂ ಇಲ್ಲ. ನನ್ನ ತಾಯಿ ದಾರ ಕತ್ತರಿಸಿ ಕಣ್ಣು ಹಾಳು ಮಾಡಿಕೊಂಡಿದ್ದಾರೆ. ಅವರ ಹೆಸರು ಯಾವ ಯೂನಿಟ್ಟಿನ ಪುಸ್ತಕದಲ್ಲೂ ಇಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಸಮೀಕ್ಷೆಯವರು ಬಂದರೆ ಅವರೂ ಉದ್ಯೋಗ ಇದ್ದವರೇ.

ಮಸ್ಕಿ_ಹುಡುಗ

ಎಲ್ಲರಿಗೂ ಧನ್ಯವಾದ. ಈಗ ಅರ್ಥ ಆಯಿತು. ಕೆಲಸ ಇದೆಯಾ ಇಲ್ಲವಾ ಎಂದು ಕೇಳಿದರೆ ಸಾಲದು. ವರ್ಷಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು, ಎಲ್ಲಿ, ಯಾರ ಸಾಲಕ್ಕೆ ಎಂದು ಕೇಳಬೇಕು. ನಮ್ಮ ಓಣಿಯ ಮನೆಗಳನ್ನು ನಾನೇ ಹೀಗೆ ಕೇಳಿ ಬರೆದಿಡಬೇಕು ಅನ್ನಿಸುತ್ತಿದೆ.

ಅಕ್ಕಾ, ಒಂದು ಸಂದೇಹ. ನಮ್ಮಲ್ಲಿ ಖಾತ್ರಿ ಕೆಲಸ ಕೇಳಲು ಹೋದರೆ ಈಗ ಕೆಲಸ ಇಲ್ಲ, ಆಮೇಲೆ ಬನ್ನಿ ಎಂದು ವಾಪಸ್ ಕಳಿಸುತ್ತಾರೆ. ಆಗ ಏನು ಮಾಡಬೇಕು?

ದೇವದುರ್ಗದ_ಅಕ್ಕ

ಬಾಯಲ್ಲಿ ಕೇಳಬೇಡಪ್ಪಾ, ಬರೆದು ಕೊಡು. ನಮೂನೆ 6ರಲ್ಲಿ ಅರ್ಜಿ. ಎಷ್ಟು ದಿನ ಬೇಕು, ಯಾವತ್ತಿನಿಂದ ಬೇಕು ಎಂದು ತಾರೀಕು ಹಾಕಿ ಬರೆಯಿರಿ. ಒಬ್ಬೊಬ್ಬರೇ ಹೋಗಬೇಡಿ, ಹತ್ತಿಪ್ಪತ್ತು ಜನ ಸೇರಿ ಹೋಗಿ. ತಾರೀಕು ಇರುವ ರಸೀದಿ ಕೈಗೆ ಬರುವವರೆಗೂ ಅಲ್ಲಿಂದ ಏಳಬೇಡಿ. ಎಲ್ಲ ನಿಂತಿರುವುದು ಆ ರಸೀದಿಯ ಮೇಲೆ. 2025ರ ಖಾತ್ರಿ ನಿಯಮದಂತೆ ಅದರಿಂದ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಭತ್ಯೆ ರಾಜ್ಯ ಸರ್ಕಾರದ ತಲೆ ಮೇಲೆ ಬರುತ್ತದೆ, ಅದಕ್ಕೇ ರಸೀದಿ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ರಸೀದಿ ಇದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಹತ್ತಿರ ಹೋಗಬಹುದು, ಖಾತ್ರಿಯ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೂ ದೂರು ಕೊಡಬಹುದು.

ಅರ್ಜಿಯನ್ನು ಜನವರಿಗೆ ಮೊದಲೇ ಹಾಕಿ. ಹತ್ತಿ ಮುಗಿಯುವ ಹೊತ್ತಿಗೆ ಇಲ್ಲಿ ಕೆಲಸ ಶುರು ಆಗಿರಬೇಕು. ಮೇಸ್ತ್ರಿಯ ಮುಂಗಡ ತೆಗೆದುಕೊಂಡ ಮೇಲೆ ಯಾವ ಕೆಲಸ ಕೊಟ್ಟರೂ ಜನ ನಿಲ್ಲುವುದಿಲ್ಲ.

ಎರೆಹೊಲ

ಹೋಗಲೇಬೇಕಾದವರಿಗೆ ಇನ್ನೆರಡು ಮಾತು. ಕಟ್ಟಡ ಕೆಲಸ ವರ್ಷದಲ್ಲಿ 90 ದಿನ ಮಾಡಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಹಚ್ಚಬಹುದು, ವಯಸ್ಸು 18ರಿಂದ 60ರ ಒಳಗೆ ಇರಬೇಕು. ಅಪಘಾತ, ಹೆರಿಗೆ, ಮಕ್ಕಳ ಓದು, ಪಿಂಚಣಿ ಎಲ್ಲದಕ್ಕೂ ಸಹಾಯ ಇದೆ. ನಮ್ಮ ಕಡೆ ನಿಜವಾಗಿ ಮಣ್ಣು ಹೊರುವವರಿಗೇ ಕಾರ್ಡ್ ಇರುವುದಿಲ್ಲ. ಅಲ್ಲಿನ ಮೇಸ್ತ್ರಿಯಿಂದ ಕೆಲಸದ ದೃಢೀಕರಣ ಬರೆಸಿಕೊಂಡು ಬರಲು ಹೇಳಿ. ಇನ್ನೊಂದು, ರೇಷನ್ ಅಕ್ಕಿಗಾಗಿ ಊರಿಗೆ ಬರಬೇಕಿಲ್ಲ. ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಕೊಟ್ಟು ತೆಗೆದುಕೊಳ್ಳಬಹುದು. ಇಲ್ಲ ಎಂದರೆ ಜಗಳ ಮಾಡಿ ಕೇಳಬೇಕು.

ಮಸ್ಕಿ_ಹುಡುಗ

ನಮೂನೆ 6 ಪ್ರಿಂಟ್ ತೆಗೆದಿದ್ದೇನೆ. ಓದು ಬರಹ ಬಾರದವರಿಗೆ ನಾನೇ ಬರೆದುಕೊಡುತ್ತೇನೆ. ಅಕ್ಕಾ, ಜಾಬ್ ಕಾರ್ಡ್ ಗಂಡನ ಮನೆಯ ಹೆಸರಲ್ಲಿದ್ದು ಈಗ ತವರಲ್ಲಿ ಇರುವ ಇಬ್ಬರು ಹೆಂಗಸರಿದ್ದಾರೆ. ಅವರಿಗೆ ಇಲ್ಲಿ ಹೊಸ ಕಾರ್ಡ್ ಆಗುತ್ತದಾ?

ದೇವದುರ್ಗದ_ಅಕ್ಕ

ಆಗುತ್ತದೆ. ಮೊದಲು ಅಲ್ಲಿ ಹೆಸರು ತೆಗೆಸಬೇಕು, ಇಲ್ಲದಿದ್ದರೆ ಆಧಾರ್ ಎರಡು ಕಡೆ ಎಂದು ತೋರಿಸಿ ನಿಲ್ಲಿಸಿಬಿಡುತ್ತಾರೆ. ಇಲ್ಲಿ ಬೇರೆ ಒಲೆ ಹೂಡಿದ್ದರೆ ಬೇರೆ ಕಾರ್ಡ್ ಕೇಳಲಿ, ಇಲ್ಲದಿದ್ದರೆ ತವರಿನ ಕಾರ್ಡಿಗೆ ಹೆಸರು ಸೇರಿಸಲಿ. ಬೇರೆ ಕಾರ್ಡ್ ಆದರೆ ನೂರು ದಿನವೂ ಬೇರೆ, ಆದ್ದರಿಂದ ಮೊದಲು ಅದನ್ನೇ ಕೇಳಲಿ.