ನೀರಿನ ಹನಿ ಫೋಟೋ: ವಾಲ್ವ್ ಬೇಕೋ, ಸಲೈನ್ ನಳಿಗೆ ಸಾಕೋ?

ಬೆಳಗಾವಿ, ಟಿಳಕವಾಡಿ:
ಅಡುಗೆಮನೆಯಲ್ಲಿ ನೀರಿನ ಹನಿ ಬೀಳುವ ಫೋಟೋ ತೆಗೆಯುವ ಆಸೆ. ಕ್ಯಾಮೆರಾ, 18-55 ಲೆನ್ಸ್, ಒಂದು ಫ್ಲ್ಯಾಶ್ ಇವೆ. ಕೈಯಲ್ಲಿ ಐದು ಸಾವಿರ ಇದೆ. ಹನಿ ಬಿಡುವ ವಾಲ್ವ್, ಟೈಮರ್ ತಗೊಳ್ಳಲಾ, ಬೇಡವಾ? ಮಾಡಿ ನೋಡಿದವರು ಹೇಳಿ.

ಬಾಗಲಕೋಟೆ, ನವನಗರ:
ತಗೊಂಡು ಪೆಟ್ಟು ತಿಂದವನು ನಾನು. ಮೊದಲ ವಾಲ್ವ್ 480 ರೂಪಾಯಿ. ಹನಿಯ ಹೊತ್ತು ಲೆಕ್ಕ ಹಾಕಿ ವಾಲ್ವ್ ತೆರೆಸುವ ಪುಟ್ಟ ಕಂಪ್ಯೂಟರ್, ಆರ್ಡುಯಿನೋ ಬೋರ್ಡ್ 650. ಬೋರ್ಡ್ ಹೇಳಿದಾಗ ಕರೆಂಟ್ ಬಿಡುವ ಸ್ವಿಚ್ಚು (ರಿಲೇ), ವೈರು, 12 ವೋಲ್ಟಿನ ಅಡಾಪ್ಟರ್ ಸೇರಿ 900. ಎಲ್ಲ ಜೋಡಿಸಿ, ಬಾಟಲಿ ತೂಗುಹಾಕಿ ಸ್ವಿಚ್ ಒತ್ತಿದರೆ ಒಂದು ಹನಿಯೂ ಬೀಳಲಿಲ್ಲ. ಅದು ಒತ್ತಡದ ನಲ್ಲಿ ನೀರಿಗೆ ಮಾಡಿದ ವಾಲ್ವ್. ಬಾಟಲಿ ನೀರಿನ ಭಾರಕ್ಕೆ ತೆರೆಯುವುದೇ ಇಲ್ಲ. ಮಾರಿದವನು ಇದನ್ನು ಹೇಳಲಿಲ್ಲ, ವಾಪಸ್ಸೂ ತಗೊಳ್ಳಲಿಲ್ಲ. ಎರಡನೆಯದು 1,350. ಒಟ್ಟು 3,380. ಎರಡು ತಿಂಗಳ ನಿದ್ದೆ ಬೇರೆ. ಆದರೂ ತಗೊಳ್ಳಿ ಅಂತಲೇ ಹೇಳುತ್ತೇನೆ. ಮೊದಲ ಹನಿ ಬಿದ್ದು ನೀರು ಕಂಬದ ಹಾಗೆ ಮೇಲೇಳುತ್ತದಲ್ಲ, ಅದರ ನೆತ್ತಿಗೆ ಎರಡನೇ ಹನಿ ಬಡಿದರೆ ಕೊಡೆ ಬಿಚ್ಚಿಕೊಳ್ಳುತ್ತದೆ. ನನ್ನ ಎತ್ತರಕ್ಕೆ ಎರಡು ಹನಿಗಳ ನಡುವೆ 90 ಮಿಲಿಸೆಕೆಂಡ್ ಬೇಕಾಯಿತು. ಇದು ಕೈಯಿಂದ ಆಗುವ ಕೆಲಸವೇ ಅಲ್ಲ.

ವಿಜಯಪುರ, ಜಲನಗರ:
ಆಗುವುದೇ ಇಲ್ಲ ಅಂತ ಹೇಳಬೇಡಿ ಸರ. ಔಷಧಿ ಅಂಗಡಿಯ ಸಲೈನ್ ನಳಿಗೆಯಿಂದಲೇ ನಾನು ಕೊಡೆ ಹಿಡಿದಿದ್ದೇನೆ. ಅದರ ಗಾಲಿ ತಿರುಗಿಸಿ ಹನಿ ಬೀಳುವ ವೇಗ ಹೊಂದಿಸಬೇಕು, ಅಷ್ಟೇ. 1,140 ಫೋಟೋದಲ್ಲಿ ಮೂರು ಸಿಕ್ಕವು. ಮೂರೂ ಗೋಡೆ ಮೇಲಿವೆ. ನನ್ನ ಮೂರು ವಾರ ಹಾಳಾಗಿದ್ದು ಬೇರೆ ಕಾರಣಕ್ಕೆ. ಫ್ಲ್ಯಾಶ್ ಪೂರ್ತಿ ಶಕ್ತಿಗೆ ಇಟ್ಟಿದ್ದೆ, ಎಲ್ಲ ಹನಿಗೂ ಬಾಲ! 40 ಸೆಂ.ಮೀ. ಮೇಲಿಂದ ಬಿದ್ದ ಹನಿ ನೀರು ಮುಟ್ಟುವಾಗ ಸೆಕೆಂಡಿಗೆ 2.8 ಮೀಟರ್ ಓಡುತ್ತಿರುತ್ತದೆ. ಶಟರ್ ಸೆಕೆಂಡಿನ 200ನೇ ಒಂದು ಭಾಗ ಮಾತ್ರ ತೆರೆದರೂ ಅಷ್ಟರಲ್ಲೇ 14 ಮಿ.ಮೀ. ಜಾರುತ್ತದೆ. ಶಟರ್ ಅದನ್ನು ನಿಲ್ಲಿಸುವುದಿಲ್ಲ, ಫ್ಲ್ಯಾಶ್ ನಿಲ್ಲಿಸಬೇಕು. ಫ್ಲ್ಯಾಶ್ ಶಕ್ತಿ ಇಳಿಸಿದಷ್ಟೂ ಅದು ಮಿಂಚುವ ಹೊತ್ತು ಕಿರಿದಾಗುತ್ತದೆ. 64ನೇ ಒಂದು ಭಾಗಕ್ಕೆ ಇಳಿಸಿ, ಕೋಣೆ ಕತ್ತಲೆ ಮಾಡಿದೆ. ಹನಿ ನಿಂತಿತು.

ಇಳಕಲ್:
ಹಿನ್ನೆಲೆ ಬಗ್ಗೆ ಇಬ್ಬರೂ ಮಾತೇ ಆಡಲಿಲ್ಲ. ನಾನು ಪರಾತದ ಹಿಂದೆ ಅತ್ತೆಯ ಇಳಕಲ್ ಸೀರೆಯ ಕೆಂಪು ಸೆರಗು ಕಟ್ಟಿದ್ದೆ. ಹನಿಯೊಳಗೆ ಅದು ತಲೆಕೆಳಗಾಗಿ ಕಂಡಿತು. ಸೀರೆ ತಿರುಗಿಸಿ ಕಟ್ಟಿದೆ, ಸರಿಹೋಯಿತು. ನೀರು ಸ್ವಲ್ಪ ದಪ್ಪಗಾಗಲಿ ಅಂತ ಚಿಟಿಕೆ ಗ್ವಾರ್ ಗಮ್ ಬೆರೆಸಿದೆ. ನಮ್ಮ ಚವಳಿಕಾಯಿ ಬೀಜದಿಂದಲೇ ಬರುತ್ತದೆ ಅದು. ಬಟ್ಟೆಯಲ್ಲಿ ಸೋಸಿ ಹಾಕಿ. ಕಂಬ ಎಷ್ಟು ಚಂದ ನಿಂತಿತು ಅಂದ್ರೆ! ಆದರೆ ಆ ನೀರು ಸೆರಗಿಗೆ ಸಿಡಿದು ಗಟ್ಟಿಯಾಯಿತು. ಡ್ರೈ ಕ್ಲೀನಿಂಗಿಗೆ 350 ಹೋಯಿತು. ಅತ್ತೆ ಎರಡು ದಿನ ಮಾತಾಡಲಿಲ್ಲ.

ನವನಗರ:
ಗಮ್ ಹಾಕಿದ ಮೇಲೆ ಅದು ನೀರಿನ ಫೋಟೋ ಹೇಗಾಯಿತು ಅಕ್ಕಾ?

ಇಳಕಲ್:
ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಗರ್ಟನ್ 1957ರಲ್ಲಿ ಫೋಟೋ ಹಿಡಿದ, ಹನಿ ಬಿದ್ದು ಸಿಡಿದಾಗ ಏಳುವ ಕಿರೀಟ ಹಾಲಿನದು. ಅದನ್ನೂ ಸುಳ್ಳು ಅಂತೀರಾ?

ಗೋಕಾಕ:
ಹಾಲಿನ ಮಾತು ಬೇಡ್ರಿ. ಎಮ್ಮೆ ಕಟ್ಟಿದ ಮನೆ ನಮ್ಮದು. ಫೋಟೋಕ್ಕೆ ಹಾಲು ಚೆಲ್ಲುವುದು ನನಗೆ ನೋಡಲಾಗುವುದಿಲ್ಲ.

ಇಳಕಲ್:
ನಾನು ಚೆಲ್ಲಿದ್ದು ನೀರು. ಪೂರ್ತಿ ಓದಿ ಮಾತಾಡಿ.

ನವನಗರ:
ಎಡ್ಗರ್ಟನ್ 1930ರ ದಶಕದಿಂದಲೇ ಹಾಲಿನ ಹನಿ ಹಿಂದೆ ಬಿದ್ದವರು. ಅವರೂ ಯಂತ್ರ ಕಟ್ಟಿಯೇ ತೆಗೆದರು. ಸಲೈನ್ ಗಾಲಿ ತಿರುಗಿಸಿ ಅಲ್ಲ. 1,140ಕ್ಕೆ ಮೂರು ಅಂದರೆ ಅದು ಅದೃಷ್ಟ.

ಜಲನಗರ:
ಅದೃಷ್ಟ ಅಂದಿರಲ್ಲ, ನೋವಾಯಿತು. ಭಾನುವಾರ ನಳಿಗೆ ತಗೊಂಡು ನಿಮ್ಮ ಮನೆಗೇ ಬರುತ್ತೇನೆ. ನೂರು ಹನಿ ನಿಮ್ಮದು, ನೂರು ನನ್ನದು. ಪರಾತ ಇಡಿ.