ನಿಕ್ಕೋರ್ 50 ಎಂಎಂ ಎಫ್ 1.2: ಫೋಕಸ್ ಚುಕ್ಕೆ ಬಂದರೂ ಕಣ್ಣು ಮಸುಕು, ಲೆನ್ಸ್ ಕೆಟ್ಟಿದೆಯಾ?

ಚೌಕಿಮನೆ:

ಎಲ್ಲರಿಗೂ ನಮಸ್ಕಾರ. ನನ್ನ ನಿಕಾನ್ ಡಿ750ಗೆ ಹಳೆಯ, ಕೈಯಲ್ಲೇ ಫೋಕಸ್ ಮಾಡುವ ನಿಕ್ಕೋರ್ 50 ಎಂಎಂ ಎಫ್ 1.2 ಎಐ-ಎಸ್ ಲೆನ್ಸನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇನೆ. ಮುಖ್ಯವಾಗಿ ಯಕ್ಷಗಾನದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುವಾಗ, ವೇಷ ಕಟ್ಟುವಾಗ ಫೋಟೋ ತೆಗೆಯಲಿಕ್ಕೆ. ಅಲ್ಲಿ ಬೆಳಕು ಕಮ್ಮಿ, ಫ್ಲ್ಯಾಶ್ ಹಾಕಲು ಮನಸ್ಸು ಬರುವುದಿಲ್ಲ.

ಎಫ್ 1.2ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದಾಗ, ಫೋಕಸ್ ಸರಿಯಾಗಿದೆ ಅಂತ ಹೇಳುವ ವ್ಯೂಫೈಂಡರ್‌ನ ಮೂಲೆಯ ಚುಕ್ಕೆ ಅಲುಗಾಡದೆ ನಿಂತ ಮೇಲೇ ಬಟನ್ ಒತ್ತುತ್ತೇನೆ. ಆದರೂ ಮೂಗಿನ ತುದಿ ಶಾರ್ಪ್, ಕಣ್ಣು ಮಸುಕು. ಜೊತೆಗೆ ಇಡೀ ಚಿತ್ರಕ್ಕೆ ತೆಳ್ಳಗೆ ಹಾಲು ಸವರಿದ ಹಾಗೆ ಒಂದು ಮಂಜು. ಬೇಗಡೆ ಹೊಳೆಯುವ ಕಡೆ ಅಂಚಿಗೆಲ್ಲ ನೇರಳೆ ಬಣ್ಣ. ಎಫ್ 4ಕ್ಕೆ ಬಂದರೆ ಎಲ್ಲವೂ ಚೆನ್ನಾಗಿದೆ.

ಇನ್ನೊಂದು ವಿಷಯ, ಕ್ಯಾಮೆರಾದಲ್ಲಿ ಎಫ್ ನಂಬರ್ ಬರುವ ಜಾಗದಲ್ಲಿ ಸಣ್ಣ ತ್ರಿಕೋನದ ಪಕ್ಕ ಏನೋ ಬೇರೆ ಅಂಕಿ ಬರುತ್ತಿದೆ. ಮಾರಿದವರು ಇಷ್ಟವಾಗದಿದ್ದರೆ ಈ ವಾರದೊಳಗೆ ವಾಪಸ್ ಕೊಡಿ ಅಂದಿದ್ದಾರೆ. ಇಟ್ಟುಕೊಳ್ಳಲಾ, ಕೊಟ್ಟುಬಿಡಲಾ?

ಹಳೇಗಾಜು:

ತ್ರಿಕೋನದ ವಿಷಯ ಸುಲಭ. ಲೆನ್ಸಿನಲ್ಲಿ ಚಿಪ್ ಇಲ್ಲ, ಹಾಗಾಗಿ ಅದು ಎಷ್ಟರ ಲೆನ್ಸ್ ಅಂತ ಕ್ಯಾಮೆರಾಕ್ಕೆ ಗೊತ್ತಿಲ್ಲ. ಪೂರ್ತಿ ತೆರೆದದ್ದಕ್ಕಿಂತ ಎಷ್ಟು ಸ್ಟಾಪ್ (ಒಂದು ಸ್ಟಾಪ್ ಮುಚ್ಚಿದರೆ ಬೆಳಕು ಅರ್ಧ) ಮುಚ್ಚಿದ್ದೀರಿ ಎಂಬುದನ್ನಷ್ಟೇ ತೋರಿಸುತ್ತಿದೆ. ಸೆಟಪ್ ಮೆನುವಿನಲ್ಲಿ ನಾನ್-ಸಿಪಿಯು ಲೆನ್ಸ್ ಡೇಟಾ ಅಂತ ಇದೆ. ಅಲ್ಲಿ 50 ಎಂಎಂ, ಎಫ್ 1.2 ಅಂತ ತುಂಬಿಸಿ. ಬೆಳಕು ಅಳೆಯುವ ಮೀಟರ್ ಸರಿಹೋಗುತ್ತದೆ, ಲೆನ್ಸಿನ ಅಪರ್ಚರ್ (ಕಿಂಡಿ) ರಿಂಗಿನಲ್ಲಿ ಇಟ್ಟ ಎಫ್ ನಂಬರೇ ಫೋಟೋದ ಮಾಹಿತಿಯಲ್ಲೂ ಬರುತ್ತದೆ. ಎ ಅಥವಾ ಎಂ ಮೋಡ್‌ನಲ್ಲಿ ಬಳಸಿ.

ಓದುವ ಬೇರೆಯವರಿಗೆ: ಡಿ7500, ಡಿ5000 ಮತ್ತು ಡಿ3000 ಸರಣಿಯ ಬಾಡಿಗಳಲ್ಲಿ ಈ ಲೆನ್ಸ್ ಕೂರುತ್ತದೆ, ಆದರೆ ಮೀಟರ್ ಕೆಲಸ ಮಾಡುವುದಿಲ್ಲ. ರಿಂಗನ್ನು ಓದುವ ಕೊಂಡಿ ಆ ಬಾಡಿಗಳಲ್ಲಿ ಇಲ್ಲ.

ಹೊಸಬಾಡಿ:

ಇಷ್ಟೆಲ್ಲ ಪಾಡು ಯಾಕೆ ಮಾರಾಯ್ರೇ? ಆಟೋಫೋಕಸ್ ಇರುವ 50 ಎಫ್ 1.8 ತಗೊಳ್ಳಿ. 1.2ಕ್ಕೂ ಅದಕ್ಕೂ ಬೆಳಕಿನಲ್ಲಿ ಒಂದು ಸ್ಟಾಪಿಗಿಂತ ಚೂರು ಜಾಸ್ತಿ ವ್ಯತ್ಯಾಸ, ಅಷ್ಟೇ. ಐಎಸ್‌ಒ ಏರಿಸಿದರೆ ಮುಗೀತು.

ರಿಂಗ್‌ತಿರುವು:

ಹೊಸಬಾಡಿಯವರ ಲೆಕ್ಕ ಸರಿ. ಬರೀ ಬೆಳಕಿಗಾಗಿ ಆದರೆ ಈ ಲೆನ್ಸ್ ಬೇಡ. ಆದರೆ 1978ರಲ್ಲಿ ಬಂದ ಡಿಸೈನ್ ಇದು, 1981ರಲ್ಲಿ ಎಐ-ಎಸ್ ಆಯಿತು, ಆಮೇಲೂ ದಶಕಗಳ ಕಾಲ ಮಾರಾಟದಲ್ಲಿತ್ತು. ಸುಮ್ನೆ ಯಾರೂ ಕೊಳ್ಳುತ್ತಿರಲಿಲ್ಲ ಅಲ್ವಾ?

ಚೌಕಿಮನೆಯವರೇ, ನೀವು ಹೇಳಿದ್ದರಲ್ಲಿ ಬೇರೆ ಬೇರೆ ವಿಷಯಗಳು ಬೆರೆತಿವೆ. ಮೊದಲು ವ್ಯೂಫೈಂಡರ್. ಅದು ನಿಮಗೆ ಎಫ್ 1.2 ತೋರಿಸುತ್ತಲೇ ಇಲ್ಲ. ನಂಬಿಕೆ ಬರದಿದ್ದರೆ ಈಗಲೇ ನೋಡಿ. ಕ್ಯಾಮೆರಾ ಮುಂದಿರುವ ಪ್ರಿವ್ಯೂ ಬಟನ್ ಒತ್ತಿ ಹಿಡಿದು ರಿಂಗನ್ನು 1.2ರಿಂದ 2ಕ್ಕೆ ನಿಧಾನ ತಿರುಗಿಸಿ. ಲೆನ್ಸಿನೊಳಗೆ ಬ್ಲೇಡು ಮುಚ್ಚುತ್ತಾ ಬರುತ್ತದೆ, ಆದರೆ ವ್ಯೂಫೈಂಡರ್‌ನಲ್ಲಿ ಬೆಳಕೂ ಕಮ್ಮಿಯಾಗುವುದಿಲ್ಲ, ಹಿನ್ನೆಲೆಯ ಮಸುಕೂ ಬದಲಾಗುವುದಿಲ್ಲ. 2.8ರ ಹತ್ತಿರ ಬಂದ ಮೇಲಷ್ಟೇ ಕತ್ತಲಾಗಲು ಶುರು. ಈಗಿನ ಫೋಕಸಿಂಗ್ ಸ್ಕ್ರೀನ್‌ಗಳನ್ನು ನಿಧಾನ ಝೂಮ್ ಲೆನ್ಸಿನಲ್ಲೂ ಪ್ರಕಾಶವಾಗಿ ಕಾಣಲಿ ಅಂತ ಮಾಡಿದ್ದಾರೆ. ಲೆನ್ಸಿನ ಅಂಚಿನಿಂದ ಓರೆಯಾಗಿ ಬರುವ ಬೆಳಕನ್ನು ಅವು ಕಣ್ಣಿಗೆ ತಲುಪಿಸುವುದಿಲ್ಲ. ಹಾಗಾಗಿ ಕಣ್ಣಳತೆಯಲ್ಲಿ ಶಾರ್ಪ್ ಅನಿಸಿದ್ದು ಎಫ್ 2.8ರ ಲೆಕ್ಕದ ಶಾರ್ಪು. ಒಂದೂವರೆ ಮೀಟರ್ ದೂರದ ಮುಖಕ್ಕೆ 2.8ರಲ್ಲಿ ಶಾರ್ಪ್ ಆಗಿ ಕಾಣುವ ಆಳ ಸುಮಾರು 15 ಸೆಂ.ಮೀ. ಸಿಗುತ್ತದೆ. 1.2ರಲ್ಲಿ ಆರು, ಆರೂವರೆ. ಒಂದು ಮೀಟರಿಗೆ ಹೋದರೆ ಮೂರು ಸೆಂ.ಮೀ. ಕೂಡ ಇಲ್ಲ. ಮೂಗಿನಿಂದ ಕಣ್ಣಿಗೆ ಅಷ್ಟೇ ದೂರ.

ಇನ್ನು ಚುಕ್ಕೆ. ಫೋಕಸ್ ಸೆನ್ಸರ್ ನೋಡುವುದು ಸುಮಾರು ಎಫ್ 5.6ರಷ್ಟು ಕಿಂಡಿಯಿಂದ ಬರುವ ಬೆಳಕನ್ನು, ಅಂದರೆ ಗಾಜಿನ ನಡುಭಾಗದ ಬೆಳಕನ್ನು. ಇಂಥ ಲೆನ್ಸಿನಲ್ಲಿ ನಡುವಿನ ಬೆಳಕು ಒಂದು ಕಡೆ ಕೂಡುತ್ತದೆ, ಅಂಚಿನ ಬೆಳಕು ಲೆನ್ಸಿಗೆ ಸ್ವಲ್ಪ ಹತ್ತಿರ ಕೂಡುತ್ತದೆ. ಸ್ಫೆರಿಕಲ್ ಅಬರೇಶನ್ ಅನ್ನುವುದು ಇದಕ್ಕೇ. ನಿಮ್ಮ ಮೂಗು-ಕಣ್ಣಿನ ಕಥೆಯೂ ಇದೇ: ಚುಕ್ಕೆ ನಡುಭಾಗದ ಲೆಕ್ಕದಲ್ಲಿ ಸರಿ ಅನ್ನುತ್ತದೆ, 1.2ರ ಪೂರ್ತಿ ಬೆಳಕಿನಲ್ಲಿ ಶಾರ್ಪ್ ಜಾಗ ಕಣ್ಣಿನಿಂದ ಮುಂದಕ್ಕೆ ಬಂದಿರುತ್ತದೆ. ಆ ಹಾಲಿನ ಮಂಜೂ ಇದರದೇ ಕೆಲಸ.

ಲೆನ್ಸ್ ಇಡುವುದೋ ಬಿಡುವುದೋ ತೀರ್ಮಾನಿಸುವ ಮುಂಚೆ ಇದನ್ನು ಮಾಡಿ. ದಿನಪತ್ರಿಕೆಯನ್ನು ಹಲಗೆಗೆ ಅಂಟಿಸಿ ಓರೆಯಾಗಿ ನಿಲ್ಲಿಸಿ, ನಡುವಿನ ಒಂದು ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ದೂರ ಒಂದು ಮೀಟರ್. ಚುಕ್ಕೆ ನೋಡಿ ಫೋಕಸ್ ಮಾಡಿ ಒಂದು ತೆಗೆಯಿರಿ. ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೋಡುವುದು) ಹಾಕಿ, ಪೂರ್ತಿ ದೊಡ್ಡದು ಮಾಡಿ, ಗೆರೆಯ ಮೇಲೆ ಫೋಕಸ್ ಮಾಡಿ ಇನ್ನೊಂದು. ಎರಡೂ 1.2ರಲ್ಲೇ. ಆಮೇಲೆ ಫೋಕಸ್ ರಿಂಗ್ ಮುಟ್ಟದೆ 2, 2.8, 4ರಲ್ಲಿ ತೆಗೆಯಿರಿ. ಶಾರ್ಪ್ ಸಾಲು ಹಿಂದಕ್ಕೆ ಜಾರುವುದು ನಿಮಗೇ ಕಾಣುತ್ತದೆ. ಇದಕ್ಕೆ ಫೋಕಸ್ ಶಿಫ್ಟ್ ಅನ್ನುತ್ತಾರೆ. ಆದ್ದರಿಂದ 2ರಲ್ಲಿ ತೆಗೆಯುವುದಿದ್ದರೆ ಫೋಕಸ್ ಕೂಡ 2ರಲ್ಲೇ ಮಾಡಬೇಕು. ಲೈವ್ ವ್ಯೂನಲ್ಲಿ ಬ್ಲೇಡು ನಿಜವಾಗಿ ಮುಚ್ಚಿದೆಯೋ ಅಂತ ಗಾಜಿನ ಮುಂದಿನಿಂದ ಒಮ್ಮೆ ಇಣುಕಿ ನೋಡಿಕೊಳ್ಳಿ.

ಅಂದಹಾಗೆ ಚಿಪ್ ಇಲ್ಲದ ಲೆನ್ಸಿಗೆ ಎಎಫ್ ಫೈನ್ ಟ್ಯೂನ್ (ಫೋಕಸ್ ಮುಂದೆ-ಹಿಂದೆ ಬೀಳುವುದನ್ನು ಕ್ಯಾಮೆರಾದಲ್ಲೇ ತಿದ್ದುವ ಸೌಲಭ್ಯ) ಹತ್ತುವುದಿಲ್ಲ. ಆ ಮೆನುವಿನಲ್ಲಿ ಹುಡುಕಬೇಡಿ.

ಕರಾವಳಿಮಳೆ:

ಒಂದು ಮಾತು ಸೇರಿಸುತ್ತೇನೆ. ಮಂಜು ಎಲ್ಲವೂ ಅಬರೇಶನ್ ಅಂತ ಬಿಡಬೇಡಿ, ನಮ್ಮ ಕಡೆಯ ಹವೆಯಲ್ಲಿ ಫಂಗಸ್ ಕೂಡ ಹಾಗೇ ಕಾಣುತ್ತದೆ. ರಿಂಗನ್ನು 1.2ಕ್ಕೆ ಇಟ್ಟು, ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಜೇಡನ ಬಲೆಯ ಎಳೆ, ಅಥವಾ ಉಸಿರು ಬಿಟ್ಟಂತಹ ಪೊರೆ ಕಂಡರೆ ವಾಪಸ್ ಕೊಡಿ. ನಾಲ್ಕು ಧೂಳಿನ ಕಣ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಅಬರೇಶನ್ ಆದರೆ 2, 2.8ರಲ್ಲಿ ಹೋಗಿಬಿಡುತ್ತದೆ. 5.6ರಲ್ಲೂ ಕಪ್ಪು ಕಪ್ಪಗಾಗದಿದ್ದರೆ ಗಾಜಿನಲ್ಲೇ ಏನೋ ಇದೆ ಅಂತ ಅರ್ಥ. ಬ್ಲೇಡಿನ ಮೇಲೆ ಎಣ್ಣೆ ಹೊಳೆಯುತ್ತಿದೆಯಾ ಅಂತಲೂ ನೋಡಿ.

ಮಳೆಗಾಲದಲ್ಲಿ ಚರ್ಮದ ಕೇಸಿನಲ್ಲಿ ಮಾತ್ರ ಇಡಬೇಡಿ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್. 40–50 ಪರ್ಸೆಂಟ್ ಸಾಕು.

ಚೌಕಿಮನೆ:

ತುಂಬಾ ಥ್ಯಾಂಕ್ಸ್. ಲೆನ್ಸ್ ಡೇಟಾ ತುಂಬಿಸಿದೆ, ತ್ರಿಕೋನ ಹೋಯಿತು. ಪತ್ರಿಕೆ ಪರೀಕ್ಷೆಯಲ್ಲಿ ನೀವು ಹೇಳಿದ ಹಾಗೇ ಆಯಿತು: ಚುಕ್ಕೆ ನೋಡಿ ತೆಗೆದದ್ದರಲ್ಲಿ ಗೆರೆಗಿಂತ ಮುಂದಿನ ಸಾಲು ಶಾರ್ಪ್, ಲೈವ್ ವ್ಯೂನಲ್ಲಿ ಗೆರೆಯೇ ಶಾರ್ಪ್. ಟಾರ್ಚಿನಲ್ಲಿ ಧೂಳು ಮಾತ್ರ ಕಂಡಿತು. 2.8ರಲ್ಲಿ ಮಂಜು ಇಲ್ಲ. ಹಾಗಾದರೆ ಇಟ್ಟುಕೊಳ್ಳುತ್ತೇನೆ.

ಆದರೆ ಚೌಕಿಯಲ್ಲಿ ಪ್ರತಿ ಸಲ ಲೈವ್ ವ್ಯೂ ಹಾಕಿ ಝೂಮ್ ಮಾಡುತ್ತಾ ಕೂತರೆ ಕಲಾವಿದರು ಎದ್ದು ರಂಗಸ್ಥಳಕ್ಕೆ ಹೋಗಿರುತ್ತಾರೆ. ಚುಕ್ಕೆಯನ್ನೇ ಬಳಸುವ ಉಪಾಯ ಇದೆಯಾ? ನೇರಳೆ ಅಂಚಿಗೆ ಏನು ಮಾಡಲಿ? ಕನ್ನಡಿಯಲ್ಲಿ ಕಾಣುವ ಮುಖಕ್ಕಂತೂ ಫೋಕಸ್ ಸಿಗುವುದೇ ಇಲ್ಲ.

ರಿಂಗ್‌ತಿರುವು:

ಇದೆ. ಚುಕ್ಕೆ ಒಂದೇ ಜಾಗದಲ್ಲಿ ಹತ್ತುವುದಿಲ್ಲ, ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿದರೂ ಹತ್ತಿಯೇ ಇರುತ್ತದೆ. ನಿಮ್ಮದು ಮುಂದಕ್ಕೆ ಬೀಳುತ್ತಿದೆ, ಹಾಗಾಗಿ ಹತ್ತಿರದ ಕಡೆಯಿಂದ ಇನ್ಫಿನಿಟಿ ಕಡೆಗೆ ತಿರುಗಿಸುತ್ತಾ ಬನ್ನಿ. ಚುಕ್ಕೆ ಹತ್ತಿದ ಕೂಡಲೇ ನಿಲ್ಲಿಸದೆ ಇನ್ನೇನು ಆರಿ, ರಿಂಗ್ ಯಾವ ಕಡೆ ತಿರುಗಿಸಬೇಕು ಅಂತ ತೋರಿಸುವ ಬಾಣ ಬರಬೇಕು ಅನ್ನುವ ಅಂಚಿನಲ್ಲಿ ನಿಲ್ಲಿಸಿ. ಪತ್ರಿಕೆಯ ಮೇಲೆ ಅಭ್ಯಾಸ ಮಾಡಿದರೆ ಬೆರಳಿಗೆ ಗೊತ್ತಾಗುತ್ತದೆ. ನಡುವಿನ ಪಾಯಿಂಟಲ್ಲಿ ಫೋಕಸ್ ಮಾಡಿ ಕ್ಯಾಮೆರಾ ಓರೆ ಮಾಡುವ ಅಭ್ಯಾಸ ಇದ್ದರೆ ಬಿಡಿ. ಒಂದು ಮೀಟರಿನಲ್ಲಿ 20 ಡಿಗ್ರಿ ತಿರುಗಿಸಿದರೆ ಫೋಕಸ್ ಆರು ಸೆಂ.ಮೀ. ಹಿಂದೆ ಹೋಗುತ್ತದೆ. ಕಣ್ಣಿನ ಮೇಲೆ ಬೀಳುವ ಪಾಯಿಂಟನ್ನೇ ಆರಿಸಿ, ಎರಡು ಮೂರು ಫ್ರೇಮ್ ಒಟ್ಟಿಗೆ ಹೊಡೆಯಿರಿ. ನಾವೂ ಅಲುಗಾಡುತ್ತೇವೆ, ಅವರೂ ಅಲುಗಾಡುತ್ತಾರೆ.

ಕನ್ನಡಿಗೆ: ಮುಖದ ಬಿಂಬ ಕನ್ನಡಿಯ ಮೇಲೆ ಇಲ್ಲ. ನಿಮ್ಮಿಂದ ಕನ್ನಡಿಗೆ ಎಷ್ಟೋ, ಕನ್ನಡಿಯಿಂದ ಮುಖಕ್ಕೆ ಎಷ್ಟೋ, ಎರಡೂ ಕೂಡಿಸಿದ ದೂರದಲ್ಲಿದೆ. ಚುಕ್ಕೆ ಕನ್ನಡಿಯ ಚೌಕಟ್ಟನ್ನೋ ಗಾಜಿನ ಮೇಲಿನ ಬಣ್ಣದ ಕಲೆಯನ್ನೋ ಹಿಡಿಯುತ್ತದೆ. ಇಲ್ಲಿ ಮಾತ್ರ ಲೈವ್ ವ್ಯೂ ಬಳಸಿ. ಅವರು ನೆಲದ ಮೇಲೆ ಕೂತಿರುತ್ತಾರೆ, ಡಿ750ಯ ಪರದೆ ಮಡಚಿ ಮೇಲಕ್ಕೆ ತಿರುಗುತ್ತದೆ, ನೀವೂ ಬಗ್ಗಬೇಕಾಗಿಲ್ಲ.

ನೇರಳೆ ಅಂಚು 2.8ರ ತನಕ ಪೂರ್ತಿ ಹೋಗುವುದಿಲ್ಲ. ಫೋಕಸಿನ ಮುಂದೆ ನೇರಳೆ, ಹಿಂದೆ ಹಸಿರು. ರಾ ಫೈಲ್ ತೆಗೆದರೆ ಎಡಿಟಿಂಗ್ ಸಾಫ್ಟ್‌ವೇರಿನ ಡಿಫ್ರಿಂಜ್‌ನಲ್ಲಿ ಕಮ್ಮಿ ಮಾಡಬಹುದು. ಜಾಸ್ತಿ ಎಳೆದರೆ ತುಟಿಯ ಕೆಂಪೂ ಸಪ್ಪೆಯಾಗುತ್ತದೆ, ಅದಕ್ಕೆ ಬೇಗಡೆಯ ಮೇಲೆ ಮಾತ್ರ ಬ್ರಶ್ ಹಾಕಿ.

ಝಡ್‌ಬಳಗ:

ಮುಂದೆ ಮಿರರ್‌ಲೆಸ್ ಯೋಚನೆ ಇದ್ದರೆ ನಿಕಾನಿನ ಝಡ್ ಬಾಡಿಗೆ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಇದೇ ಲೆನ್ಸ್ ಬಳಸಬಹುದು. ವ್ಯೂಫೈಂಡರ್‌ನಲ್ಲಿ ಕಾಣುವುದು ರಿಂಗಿನಲ್ಲಿ ಇಟ್ಟ ನಿಜವಾದ ಅಪರ್ಚರ್, ಅರ್ಧ ತಲೆನೋವು ಅಲ್ಲೇ ಹೋಯಿತು. ರಿಂಗ್ ಎಷ್ಟರಲ್ಲಿದೆ ಅಂತ ಮಾತ್ರ ಫೋಟೋದಲ್ಲಿ ದಾಖಲಾಗುವುದಿಲ್ಲ. ಫೋಕಸ್ ಪೀಕಿಂಗ್ (ಶಾರ್ಪ್ ಅಂಚುಗಳಿಗೆ ಬಣ್ಣ ಬಳಿದು ತೋರಿಸುವುದು) ಬಣ್ಣವನ್ನು 1.2ರಲ್ಲಿ ನಂಬಬೇಡಿ, ಇಡೀ ಮುಖ ಹೊಳೆಯುತ್ತದೆ. ಝೂಮೇ ಗತಿ.

ಹೊಸಬಾಡಿ:

ಅಷ್ಟು ಆಸೆ ಇದ್ದರೆ ನಿಕಾನಿನದೇ ನಾಕ್ಟ್ 58 ಎಫ್ 1.2 ತಗೊಳ್ಳಬಹುದಿತ್ತು!

ಹಳೇಗಾಜು:

1977ರ ನಾಕ್ಟ್‌ಗೆ ಕೈಯಲ್ಲಿ ಉಜ್ಜಿದ ಆಸ್ಫೆರಿಕಲ್ ಗಾಜು. ರಾತ್ರಿಯ ದೀಪಗಳು ಮೂಲೆಯಲ್ಲಿ ರೆಕ್ಕೆ ಬಿಚ್ಚಬಾರದು ಅಂತಲೇ ಮಾಡಿದ್ದು. ಈಗಿನ ಬೆಲೆ ಕೇಳಿದರೆ ಮೇಳವನ್ನೇ ಒಂದು ರಾತ್ರಿ ಆಡಿಸೋಣ ಅನಿಸುತ್ತದೆ.

ಚೌಕಿಮನೆ:

ಹ್ಹ ಹ್ಹ, ಬೇಡ ಬೇಡ. ಕೊನೆಯ ಪ್ರಶ್ನೆ. ಹಗಲಿನ ಆಟಕ್ಕೂ 1.2 ಬಳಸಬಹುದಾ? ಬಿಸಿಲಲ್ಲಿ ಎಲ್ಲ ಬೆಳ್ಳಗೆ ಬಂತು.

ರಿಂಗ್‌ತಿರುವು:

ಬರಲೇಬೇಕು. ಪೂರ್ತಿ ಬಿಸಿಲಿಗೆ, ಐಎಸ್‌ಒ 100, ಎಫ್ 1.2 ಅಂದರೆ ಶಟರ್ ಸುಮಾರು 1/18000 ಬೇಕು. ಡಿ750ರಲ್ಲಿ ಇರುವುದು 1/4000. ಎರಡು ಸ್ಟಾಪಿಗಿಂತ ಜಾಸ್ತಿ ಹೆಚ್ಚಾಗುತ್ತದೆ. 52 ಎಂಎಂ ಎನ್‌ಡಿ8 ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿದರೆ ಮೂರು ಸ್ಟಾಪ್ ಇಳಿಯುತ್ತದೆ, 1/2000ರ ಆಸುಪಾಸಿನಲ್ಲಿ ಆರಾಮಾಗಿ ತೆಗೆಯಬಹುದು. ರಾತ್ರಿ ಚೌಕಿಗೆ ಹೋಗುವ ಮುಂಚೆ ಅದನ್ನು ಬಿಚ್ಚಿಡಿ.